ಟ್ರೇನಿನಲ್ಲೇ ಬಾ

ಇಲೆ-ಅ-ಕೋರ್ದ್, ರೆಯೂನಿಯೋಂ ದ್ವೀಪ
17 ಜನವರಿ 1999

ಮಗಾ ಫ್ಲೋರಾನ್,

ಕೂತುಕೊಂಡು ಓದು. ನಾನು ಬರುತ್ತಿದ್ದೇನೆ.

ಹೌದು, ಫ್ರಾನ್ಸಿಗೆ. ನಿನ್ನ ಜೈಲಿಗೆ. ಮಾರ್ಚ್ 26ರ ರಾತ್ರಿ ಇಲ್ಲಿಂದ ವಿಮಾನ, ಶನಿವಾರ ಬೆಳಿಗ್ಗೆ ಪ್ಯಾರಿಸ್. ಭೇಟಿಯ ಅನುಮತಿಯೂ ಬಂದಿದೆ: ಭಾನುವಾರ 28, ಬೆಳಿಗ್ಗೆ ಒಂಬತ್ತೂವರೆ. ಶನಿವಾರ ಮಧ್ಯಾಹ್ನವೂ ಕೊಡಿ ಎಂದು ಕೇಳಿದ್ದೆ, ಜಾಗವಿಲ್ಲವಂತೆ. ಮಂಗಳವಾರ ನನ್ನ ವಾಪಸ್ಸು ವಿಮಾನ. ಆ ಟಿಕೆಟ್ಟನ್ನು ಬದಲಿಸುವ ಹಾಗಿಲ್ಲ. ಹಾಗಾಗಿ ಒಂದೇ ಭೇಟಿ, ಮುಕ್ಕಾಲು ಗಂಟೆ. ನಿನ್ನ ಚಿಕ್ಕಮ್ಮ ಜಿಸ್ಲೇನ್ ಮೂಗು ಮುರಿದಳು. "ಮುಕ್ಕಾಲು ಗಂಟೆಗೋಸ್ಕರ ಇಡೀ ಸಮುದ್ರ ದಾಟ್ತೀಯಾ ಎಲ್ವಿನಾ? ನಿಂಗೇನು ತಲೆ ಕೆಟ್ಟಿದೆಯಾ?" ಅಂದಳು. "ಕೆಟ್ಟಿದೆ ಕಣೇ, ಐದು ವರ್ಷ ಆಯ್ತು ಕೆಟ್ಟು" ಅಂದೆ.

ಆ ಡ್ಯಾನ್ಸ್ ಹಾಲಿನ ಹೊರಗಿನ ಜಗಳಕ್ಕೆ ನಿನಗೆ ಹನ್ನೆರಡು ವರ್ಷ ಹಾಕಿದರು. ಸತ್ತ ಹುಡುಗನ ತಾಯಿಯ ಹೆಸರಿನಲ್ಲಿ ನಾನು ಪ್ರತಿ ಭಾನುವಾರ ಮೇಣದಬತ್ತಿ ಹಚ್ಚುತ್ತೇನೆ. ನಿನ್ನ ಹೆಸರಿನಲ್ಲೂ ಹಚ್ಚುತ್ತೇನೆ. ಆದರೆ ನಿನ್ನ ಮುಖ ನೋಡಿಲ್ಲ. ಯಾಕೆ ಈಗ, ಇಷ್ಟು ಅವಸರವಾಗಿ ಯಾಕೆ ಎಂದು ಕೇಳಬೇಡ. ನೋಡಬೇಕು ಅನ್ನಿಸಿತು, ಅಷ್ಟೇ.

ಪ್ಯಾರಿಸ್ಸಿನಲ್ಲಿ ಇಳಿದ ಕೂಡಲೇ ಕಾರು ಬಾಡಿಗೆಗೆ ತೆಗೆದುಕೊಳ್ಳುತ್ತೇನೆ. ಜಿಸ್ಲೇನಳ ಅಳಿಯ ಎಲ್ಲ ಗೊತ್ತುಮಾಡಿ ಕೊಟ್ಟಿದ್ದಾನೆ. ನೀನು ತಲೆ ಕೆಡಿಸಿಕೊಳ್ಳಬೇಡ.

ಈ ಕಾಗದ ಒಡೆದು ಓದುವ ಜೈಲಿನ ಸಾಹೇಬರಿಗೂ ನನ್ನ ನಮಸ್ಕಾರ. ಹೊಸ ವರ್ಷ ಒಳ್ಳೆಯದಾಗಲಿ.

ನಿನ್ನ ಅಮ್ಮ,
ಎಲ್ವಿನಾ


ವಿಯೆರ್ನೇ, ಫ್ರಾನ್ಸ್
2 ಫೆಬ್ರವರಿ 1999

ಅಮ್ಮಾ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಪಕ್ಕದ ಖೋಲಿಯ ಮುದುಕ ಆಂಜ್ ಕೋರ್ಸಿಕಾದವನು, ಅವನಿಗೂ ಓದಿ ಹೇಳಿದೆ. "ನಿಮ್ಮಮ್ಮನ ಅಕ್ಷರ ಏನಯ್ಯಾ, ಅಂಗಡಿ ಬೋರ್ಡ್ ಬರ್ದಂಗಿದೆ!" ಅಂತ ನಕ್ಕ. ನಿಜ, ಒಂದು ಹಾಳೆಗೆ ಆರೇ ಸಾಲು! ಒಂದನೇ ಕ್ಲಾಸಿನ ಮಕ್ಕಳಿಗೆ ಬರೆದ ಹಾಗೆ ಯಾಕೆ ಬರೆಯುತ್ತೀಯಾ? ನನಗೆ ಓದಲು ಬರುತ್ತದೆ.

ಕ್ರಿಸ್ಮಸ್ ಪೊಟ್ಟಣದ ಬೇಳೆ ಬೇಯಿಸಿಕೊಂಡೆ. ನಮ್ಮೂರಿನ ಬೇಳೆಯ ವಾಸನೆಗೆ ಇಡೀ ಸಾಲು ಮೂಗು ಅರಳಿಸಿತು. ಆದರೆ ಕಲ್ಲು ಸಿಕ್ಕಿತು ಅಮ್ಮಾ! ಒಂದಲ್ಲ, ಬಾಯಿಗಿಟ್ಟಾಗಲೆಲ್ಲ. ನಿನ್ನ ಬೇಳೆಯಲ್ಲಿ ಕಲ್ಲು! ವಯಸ್ಸಾಯಿತು ಅಂತ ಕೆಲಸಗಳ್ಳಿ ಆಗಿಬಿಟ್ಟೆಯಾ?

ಈಗ ಗಂಭೀರವಾಗಿ ಹೇಳುತ್ತೇನೆ, ಕೇಳು. ಕಾರು ಬೇಡ. ಟ್ರೇನಿನಲ್ಲಿ ಬಾ. ವಿಮಾನ ನಿಲ್ದಾಣದಿಂದ ಪ್ಯಾರಿಸ್ಸಿನ ಔಸ್ತರ್ಲಿತ್ಸ್ ಸ್ಟೇಷನ್ನಿಗೆ ಬಾ. ಅಲ್ಲಿಂದ ವಿಯೆರ್ಜೋಂಗೆ ಟ್ರೇನು. ಅಲ್ಲಿ ಇಳಿದು ಇನ್ನೊಂದು ಪುಟ್ಟ ಟ್ರೇನು ಹತ್ತಿದರೆ ವಿಯೆರ್ನೇ. ಸ್ಟೇಷನ್ನಿನ ಎದುರಿಗೇ ಒಂದು ಹೋಟೆಲಿದೆ, ಭೇಟಿಗೆ ಬರುವ ತಾಯಂದಿರೆಲ್ಲ ಶನಿವಾರ ರಾತ್ರಿ ಅಲ್ಲೇ ಉಳಿಯುತ್ತಾರೆ. ಭಾನುವಾರ ಬೆಳಿಗ್ಗೆ ಅವರ ಜೊತೆ ಟ್ಯಾಕ್ಸಿಯಲ್ಲಿ ಇಲ್ಲಿಗೆ ಬಾ. ಜೈಲು ಊರಿನಿಂದ ದೂರ, ಹೊಲಗಳ ನಡುವೆ ಇದೆ. ಬಸ್ಸಿಲ್ಲ.

ಒಂದು ಮಾತು ಗಟ್ಟಿಯಾಗಿ ನೆನಪಿಟ್ಟುಕೋ. ಒಂಬತ್ತೂವರೆ ಎಂದರೆ ಒಂಬತ್ತಕ್ಕೇ ಬಾಗಿಲಲ್ಲಿರಬೇಕು. ತಡವಾದವರನ್ನು ಒಳಗೆ ಬಿಡುವುದಿಲ್ಲ. ಅತ್ತರೂ ಬಿಡುವುದಿಲ್ಲ. ತೀರಾ ಮೊದಲೇ ಹೋಗಿ ನಿಂತರೂ ಅಟ್ಟುತ್ತಾರೆ, ಒಂದು ತಂಡದ ಹಿಂದೆ ಒಂದು ತಂಡ ಕರೆಯುತ್ತಾರೆ.

ನಾನು ಚೆನ್ನಾಗಿದ್ದೇನೆ. ದಪ್ಪಗಾಗಿದ್ದೇನೆ.

ಫ್ಲೋರಾನ್


ಇಲೆ-ಅ-ಕೋರ್ದ್
14 ಫೆಬ್ರವರಿ 1999

ಮಗಾ,

ಚಂಡಮಾರುತ ಬಂದು ಘಟ್ಟದ ರಸ್ತೆ ಮುಚ್ಚಿತ್ತು, ಅದಕ್ಕೆ ಉತ್ತರ ತಡ.

ಟ್ರೇನು ಬೇಡ.

ನಮ್ಮ ದ್ವೀಪದಲ್ಲಿ ಟ್ರೇನೆಲ್ಲಿದೆ? ಇದ್ದದ್ದೊಂದು ಪುಟಾಣಿ ರೈಲು, ನೀನು ಹುಟ್ಟುವ ಮೊದಲೇ ನಿಂತುಹೋಯಿತು. ಚರ್ಚಿನಲ್ಲಿ ನನ್ನ ಮೊದಲ ಕಮ್ಯುನಿಯನ್ ಆದ ವರ್ಷ ಅಪ್ಪ ಅದರಲ್ಲಿ ಕರೆದುಕೊಂಡು ಹೋಗಿದ್ದರು. ಸುರಂಗದಿಂದ ಹೊರಗೆ ಬಂದಾಗ ನನ್ನ ಬಿಳಿ ಉಡುಪು ಮಸಿಯಾಗಿತ್ತು, ಅಮ್ಮ ಎರಡು ಬಾರಿಸಿದರು. ನನ್ನ ರೈಲಿನ ವಿದ್ಯೆ ಅಷ್ಟೇ. ಅಲ್ಲಿಯ ಸ್ಟೇಷನ್ನಿನಲ್ಲಿ ಫಲಕ ಎತ್ತರದಲ್ಲಿ ನೇತಾಡುತ್ತದಂತೆ, ಅಕ್ಷರಗಳು ಪಟಪಟ ತಿರುಗುತ್ತವಂತೆ. ಯಾವ ಪ್ಲಾಟ್‌ಫಾರಂ ಎಂದು ಓದುವಷ್ಟರಲ್ಲಿ ಟ್ರೇನೇ ಹೋಗಿರುತ್ತದಂತೆ. ಟಿಕೆಟ್ಟನ್ನು ಯಾವುದೋ ಹಳದಿ ಡಬ್ಬಿಯ ಬಾಯಿಗೆ ತುರುಕಬೇಕಂತೆ, ಇಲ್ಲದಿದ್ದರೆ ದಂಡವಂತೆ. ಜಿಸ್ಲೇನ್ ಒಂದು ಸಲ ಹೋಗಿ ಲಿಮೋಜಿಗೆ ಹೋಗುವ ಬದಲು ಓರ್ಲಿಯಾಂನಲ್ಲಿ ಇಳಿದು ಅತ್ತಳು.

ಕಾರಾದರೆ ನಾನೇ ರಾಣಿ. ನಾಲ್ಕು ನೂರು ತಿರುವಿನ ಘಟ್ಟದಲ್ಲಿ ಮೂವತ್ತು ವರ್ಷ ಬೇಳೆ ಮೂಟೆ ಹೇರಿಕೊಂಡು ಪೆಜೋ ಓಡಿಸಿದವಳಿಗೆ ಫ್ರಾನ್ಸಿನ ಚಪ್ಪಟೆ ರಸ್ತೆ ಒಂದು ರಸ್ತೆಯೇ? ಮರೆತೆಯಾ, ಕೆಳಗಿನ ಕೊನೆಯ ತಿರುವಿನಲ್ಲಿ ಹಾರ್ನ್ ಹೊಡೆಯುತ್ತಿದ್ದೆ, ಒಂದು ಉದ್ದ, ಎರಡು ಗಿಡ್ಡ. ಅದು ಕೇಳಿದ ಕೂಡಲೇ ನೀನು ಅನ್ನಕ್ಕೆ ಎಸರಿಡುತ್ತಿದ್ದೆ.

ಸಂತ ಎಕ್ಸ್‌ಪೆದಿಗೂ ಹೇಳಿಕೊಂಡಿದ್ದೇನೆ. ಅವಸರದ ಕೆಲಸಕ್ಕೆ ಅವನೇ ಸರಿ, ತಡ ಮಾಡುವವನಲ್ಲ. ಟೌನಿಗೆ ಹೋಗುವ ದಾರಿಯ ಅವನ ಕೆಂಪು ಗುಡಿಗೆ ಹೊಸ ಬಣ್ಣ ಹೊಡೆಸಿದೆ.

ಕೆಲಸಗಳ್ಳಿ ಅಂದೆಯಲ್ಲ, ಬಂದಾಗ ಕಿವಿ ಹಿಂಡುತ್ತೇನೆ.

ಅಮ್ಮ


ವಿಯೆರ್ನೇ
26 ಫೆಬ್ರವರಿ 1999

ಅಮ್ಮಾ,

ನಿನಗೆ ತಮಾಷೆ. ಇಲ್ಲಿ ಕೂತವನಿಗೆ ತಮಾಷೆಯಲ್ಲ.

ಇಲ್ಲಿಯ ರಸ್ತೆ ನಮ್ಮ ಘಟ್ಟವಲ್ಲ. ಬೆಳಿಗ್ಗೆ ಮಂಜು ಇಳಿದರೆ ಮುಂದಿನ ಗಾಡಿಯ ಬೆನ್ನು ಕಾಣುವುದಿಲ್ಲ. ರಸ್ತೆಯ ಮೇಲೆ ಕಣ್ಣಿಗೆ ಕಾಣದ ಹಿಮದ ಪದರ ಕೂತಿರುತ್ತದೆ, ಮಾರ್ಚ್ ಕೊನೆಯಲ್ಲೂ. ಹೋದ ತಿಂಗಳು ಕೆಳಗಿನ ಮಹಡಿಯ ಒಬ್ಬನ ಹೆಂಡತಿ ಭೇಟಿಗೆ ಬರುವಾಗ ಕಾರು ಸಮೇತ ಚರಂಡಿಗೆ ಬಿದ್ದಳು. ಅವನಿಗೆ ಸುದ್ದಿ ಹೇಳಿದ್ದು ಸಂಜೆ. ಮಧ್ಯಾಹ್ನವೆಲ್ಲ ಅವನು ಅವಳನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದ, ಬರಲಿಲ್ಲ ಎಂದು. ಅವನ ಕೂಗು ನಾನು ಕೇಳಿದ್ದೇನೆ.

ನಿನಗೆ ಅರವತ್ತೊಂದು. ಹನ್ನೊಂದು ಗಂಟೆ ವಿಮಾನದಲ್ಲಿ ಕೂತು, ನಿದ್ದೆಗೆಟ್ಟು, ಗುರುತಿಲ್ಲದ ಕಾರು ಹಿಡಿದು, ಗುರುತಿಲ್ಲದ ದಾರಿಯಲ್ಲಿ ಬರುತ್ತೀಯಾ? ಯಾರಿಗೆ ತೋರಿಸಬೇಕು ನಿನ್ನ ಜಂಬ?

ಕಾರಿನಲ್ಲಿ ಬರುವುದಾದರೆ ಬರಬೇಡ. ನಾನು ಭೇಟಿಗೆ ಒಲ್ಲೆ ಅನ್ನುತ್ತೇನೆ. ಖೈದಿಗೆ ಆ ಒಂದು ಹಕ್ಕಿದೆ, ಬಾಗಿಲವರೆಗೆ ಬಂದವರನ್ನು ನೋಡುವುದಿಲ್ಲ ಎಂದು ಹೇಳಬಹುದು. ಹೇಳಿಯೇ ಹೇಳುತ್ತೇನೆ.

ದಪ್ಪಗಾಗಿದ್ದೇನೆ ಎಂದು ಬರೆದದ್ದು ಸುಳ್ಳು. ರಾತ್ರಿ ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ. ಈ ಭೇಟಿಯೊಂದನ್ನು ಹಿಡಿದುಕೊಂಡು ನೇತಾಡುತ್ತಿದ್ದೇನೆ. ಅದೂ ಕೈ ಬಿಟ್ಟರೆ ಇನ್ನೂ ಏಳು ವರ್ಷ ಇಲ್ಲಿ ಹೇಗಿರಬೇಕೋ ನನಗೆ ಗೊತ್ತಿಲ್ಲ. ನಿನ್ನ ಕಾಲಿಗೆ ಬೀಳುತ್ತೇನೆ, ಟ್ರೇನಿನಲ್ಲೇ ಬಾ.

ಫ್ಲೋರಾನ್


ಇಲೆ-ಅ-ಕೋರ್ದ್
9 ಮಾರ್ಚ್ 1999

ಮಗಾ,

ಆಯಿತು. ನೀನು ಗೆದ್ದೆ. ಟ್ರೇನಿನಲ್ಲೇ ಬರುತ್ತೇನೆ. ಕಾರು ಬೇಡ ಎಂದು ಹೇಳಿಬಿಟ್ಟೆ.

ಊಟ ಮಾಡು. ಬಂದಾಗ ನನಗೆ ನಿನ್ನ ಮುಖ ತುಂಬಿಕೊಂಡು ಕಾಣಬೇಕು, ಮೂಳೆ ಕಾಣಬಾರದು.

ಅಮ್ಮ


ವಿಯೆರ್ನೇ
15 ಮಾರ್ಚ್ 1999

ಅಮ್ಮಾ,

ನಿನ್ನ ಕಾಗದ ನೋಡಿ ಎರಡು ತಟ್ಟೆ ಊಟ ಮಾಡಿದೆ. ಬೈದದ್ದನ್ನು ಹೊಟ್ಟೆಗೆ ಹಾಕಿಕೋ.

ಔಸ್ತರ್ಲಿತ್ಸ್‌ನಲ್ಲಿ ಫಲಕ ಅರ್ಥವಾಗದಿದ್ದರೆ ಯಾರನ್ನಾದರೂ ಕೇಳು. ಪ್ಯಾರಿಸ್ಸಿನವರು ಮುಖ ಗಂಟು ಹಾಕಿಕೊಂಡೇ ದಾರಿ ತೋರಿಸುತ್ತಾರೆ, ಹೆದರಬೇಡ. ಹೋಟೆಲಿನ ಯಜಮಾನಿ ಒಳ್ಳೆಯವಳಂತೆ, ಭೇಟಿಗೆ ಬಂದವರನ್ನು ತಾನೇ ಎಬ್ಬಿಸಿ ಕಾಫಿ ಕೊಟ್ಟು ಕಳಿಸುತ್ತಾಳಂತೆ.

ಆಂಜ್ ನನ್ನ ತಲೆಗೂದಲು ಕತ್ತರಿಸಿದ. "ಅಮ್ಮ ಗುರುತು ಹಿಡೀಬೇಕಲ್ಲಪ್ಪಾ" ಅಂದ. ನಾನೂ ಕನ್ನಡಿ ನೋಡಿಕೊಂಡೆ. ಗುರುತು ಹಿಡಿಯುತ್ತೀ ಬಿಡು.

ಫ್ಲೋರಾನ್


ವಿಯೆರ್ನೇ, ಜೈಲಿನಿಂದ ಸ್ವಲ್ಪ ದೂರ, ಕಾರಿನೊಳಗೆ
28 ಮಾರ್ಚ್ 1999, ಭಾನುವಾರ ಸಂಜೆ

ಮಗಾ ಫ್ಲೋರಾನ್,

ಬೈಯಬೇಡ. ಮೊದಲು ಓದು. ನಾನು ಕಾರಿನಲ್ಲಿ ಬಂದೆ. ನಿನಗೆ ಸುಳ್ಳು ಹೇಳಿದ್ದೆ, ನೀನು ಊಟ ಮಾಡಲಿ ಎಂದು.

ನಿನ್ನೆ ವಿಮಾನದಿಂದ ಇಳಿದು ಹೊರಗೆ ಬಂದಾಗ ಎಡಕ್ಕೆ ಟ್ರೇನಿನ ಚಿತ್ರ, ಬಲಕ್ಕೆ ಕಾರಿನ ಚಿತ್ರ. ನಿಜ ಹೇಳುತ್ತೇನೆ, ಮೊದಲು ಎಡಕ್ಕೇ ಹೋದೆ. ನಿನ್ನ ಮಾತು ಉಳಿಸೋಣ ಎಂದು. ಆ ದೊಡ್ಡ ಫಲಕದ ಕೆಳಗೆ ಕತ್ತೆತ್ತಿಕೊಂಡು ಎಷ್ಟೋ ಹೊತ್ತು ನಿಂತೆ. ಜನ ಡಿಕ್ಕಿ ಹೊಡೆದುಕೊಂಡು ಹೋದರು. ಆಮೇಲೆ ತಿರುಗಿ ಬಲಕ್ಕೆ ಬಂದೆ. ಕಾರಿನ ಕೌಂಟರಿನ ಹುಡುಗಿ ಕೂಡ ಕೇಳಿದಳು, "ಒಬ್ರೇನಾ ಮದಾಂ? ಅಷ್ಟು ದೂರ ಟ್ರೇನಲ್ಲಿ ಹೋದ್ರೆ ಆರಾಮಲ್ವಾ?" ಎಂದು. ನನಗೆ ಟ್ರೇನಿನಲ್ಲಿ ವಾಂತಿಯಾಗುತ್ತದೆ ಅಂದೆ.

ದಾರಿಯಲ್ಲಿ ಏನೂ ಆಗಲಿಲ್ಲ. ಹಿಮವಿರಲಿಲ್ಲ. ಪೆಟ್ರೋಲ್ ಬಂಕುಗಳಲ್ಲಿ ನಿಲ್ಲಿಸಿ ಕೇಳಿಕೊಂಡು ಬಂದೆ. ಕತ್ತಲಾಗುವ ಮೊದಲೇ ನಿನ್ನ ಗೋಡೆ ಸಿಕ್ಕಿತು.

ಹೋಟೆಲಿಗೆ ಹೋಗಲಿಲ್ಲ. ಬೆಳಿಗ್ಗೆ ದಾರಿ ತಪ್ಪಿದರೆ? ಬೇರೆ ಏನಾದರೂ ಅಡ್ಡ ಬಂದರೆ? ಬಾಗಿಲ ಎದುರಿಗೇ ಮಲಗಿದವಳಿಗೆ ತಡವಾಗಲು ಹೇಗೆ ಸಾಧ್ಯ ಎಂದುಕೊಂಡು ಪಾರ್ಕಿಂಗಿನ ಮೂಲೆಯಲ್ಲಿ ಕಾರು ನಿಲ್ಲಿಸಿ, ಕಂಬಳಿ ಹೊದ್ದು ಕಾರಿನೊಳಗೇ ಮಲಗಿದೆ.

ಬೆಳಿಗ್ಗೆ ಮಂಜು. ಬಾಟಲಿ ನೀರಿನಲ್ಲಿ ಮುಖ ತೊಳೆದೆ, ನೀಲಿ ಹೂವಿನ ಉಡುಪು ಹಾಕಿಕೊಂಡೆ, ತಲೆ ಬಾಚಿದೆ. ನನ್ನ ಕೈಗಡಿಯಾರದಲ್ಲಿ ಎಂಟಾದಾಗ ಟ್ಯಾಕ್ಸಿಗಳು ಬಂದವು. ಹೆಂಗಸರು ಇಳಿದರು, ಒಬ್ಬಳ ಕಂಕುಳಲ್ಲಿ ಮಗು. ಬಾಗಿಲು ತೆರೆಯಿತು, ಒಳಗೆ ಹೋದರು. ಪಾಪ, ಇವರು ನನಗಿಂತ ಮುಂಚಿನ ತಂಡದವರು ಎಂದುಕೊಂಡೆ. ಮಗುವಿಗೆ ಕೈ ಕೂಡ ಬೀಸಿದೆ. ತೀರಾ ಮೊದಲೇ ಹೋದರೆ ಅಟ್ಟುತ್ತಾರೆ ಎಂದು ನೀನು ಬರೆದದ್ದು ನೆನಪಿತ್ತು. ಸುಮ್ಮನೆ ಕೂತೆ. ಜಪಮಾಲೆ ಹಿಡಿದು ಕೂತೆ.

ಒಂಬತ್ತಕ್ಕೆ ಐದು ನಿಮಿಷವಿರುವಾಗ ಹೋಗಿ ಗಂಟೆ ಒತ್ತಿದೆ. ಸಣ್ಣ ಕಿಟಕಿ ತೆರೆದು ಒಬ್ಬ ಗಾರ್ಡ್ ನನ್ನ ಚೀಟಿ ನೋಡಿದ.

"ಒಂಬತ್ತೂವರೆ ಭೇಟಿ ಒಳಗೆ ನಡೀತಿದೆ ಮದಾಂ. ನೀವು ತಡ."

"ತಡ ಹೇಗಪ್ಪಾ? ಇನ್ನೂ ಒಂಬತ್ತೇ ಆಗಿಲ್ಲ" ಎಂದು ಗಡಿಯಾರ ತೋರಿಸಿದೆ.

ಅವನು ಅದನ್ನು ನೋಡಿದ, ನನ್ನನ್ನು ನೋಡಿದ. "ಎಲ್ಲಿಂದ ಬಂದ್ರಿ ನೀವು?" ಎಂದು ಕೇಳಿದ. ಹೇಳಿದೆ. ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. "ಅಯ್ಯೋ ದೇವ್ರೇ. ನಿನ್ನೆ ರಾತ್ರಿ ಗಡಿಯಾರ ಮುಂದೆ ಹೋಯ್ತಲ್ಲ ಮದಾಂ. ಬೇಸಿಗೆ ಟೈಮು. ಈಗ ಹತ್ತಾಗ್ತಾ ಬಂತು."

ನಮ್ಮ ದ್ವೀಪದಲ್ಲಿ ಗಡಿಯಾರವನ್ನು ಯಾರು ಮುಟ್ಟುತ್ತಾರೆ, ಫ್ಲೋರಾನ್? ವರ್ಷಕ್ಕೆರಡು ಸಲ ಟೀವಿಯಲ್ಲಿ ಪ್ಯಾರಿಸ್ ಸುದ್ದಿಯ ಹೊತ್ತು ಬದಲಾಗುವುದು ನೋಡಿದ್ದೆ. ಅದು ಅವರ ಹುಚ್ಚು, ನಮಗೇನು ಎಂದುಕೊಂಡಿದ್ದೆ. ವಿಮಾನದಲ್ಲಿ ಪೈಲಟ್ ಹೇಳಿದ ಗಂಟೆಗೆ ಮುಳ್ಳು ತಿರುಗಿಸಿಕೊಂಡಿದ್ದೆ. ಕಾರಿನೊಳಗಿನ ಗಡಿಯಾರವೂ ಅದನ್ನೇ ಹೇಳುತ್ತಿತ್ತು. ಎರಡು ಗಡಿಯಾರ ಒಂದೇ ಮಾತು ಹೇಳಿದರೆ ಯಾರು ನಂಬುವುದಿಲ್ಲ?

ಮಧ್ಯಾಹ್ನದ ತಂಡಕ್ಕೆ ಹಾಕಿ ಅಂದೆ. ಈಸ್ಟರ್ ಹಿಂದಿನ ಗರಿಗಳ ಭಾನುವಾರ, ಎಲ್ಲ ಭರ್ತಿಯಂತೆ. ನಿಂತುಕೊಂಡು ನೋಡುತ್ತೇನೆ, ಐದು ನಿಮಿಷ, ಒಂದು ನಿಮಿಷ ಅಂದೆ. ಮಂಡಿಯೂರಿದೆ. ಅವನಿಗೂ ಕಣ್ಣು ತುಂಬಿತ್ತು, ಸುಳ್ಳು ಹೇಳಬಾರದು. "ನನ್ನ ಕೈಲಿಲ್ಲಮ್ಮಾ, ಮುಂದಿನ ಶನಿವಾರ ಬನ್ನಿ" ಅಂದ. ಮುಂದಿನ ಶನಿವಾರ ನಾನು ಸಮುದ್ರದ ಆಚೆ ಇರುತ್ತೇನೆ.

ಕಾರಿಗೆ ವಾಪಸ್ಸು ಬಂದು ಸ್ಟೀರಿಂಗಿಗೆ ತಲೆಯಿಟ್ಟುಕೊಂಡು ಅತ್ತೆ. ಆಮೇಲೆ ಸಿಟ್ಟು ಬಂತು. ಗೋಡೆಯ ಹಿಂದೆ ಹೊಲದ ನಡುವೆ ಟ್ರ್ಯಾಕ್ಟರ್ ಹೋಗುವ ಹಾದಿಯಿತ್ತು. ಅದರಲ್ಲಿ ನುಗ್ಗಿಸಿದೆ. ಕಿಟಕಿಗಳ ಎದುರಿಗೆ ನಿಲ್ಲಿಸಿ ಹಾರ್ನ್ ಹೊಡೆದೆ. ಒಂದು ಉದ್ದ, ಎರಡು ಗಿಡ್ಡ. ಪೊಲೀಸರು ಬಂದು ಕೈ ಹಿಡಿಯುವವರೆಗೂ ಹೊಡೆದೆ. ಬುದ್ಧಿ ಹೇಳಿ ಬಿಟ್ಟುಬಿಟ್ಟರು.

ಮತ್ತೆ ನಿನ್ನನ್ನು ನೋಡಿದೆ ಮಗಾ! ಕಂಡೆ. ಮೇಲಿನ ಸಾಲಿನ ಕಿಟಕಿಯಿಂದ ನೀನು ಬಿಳಿ ಟವೆಲ್ ಬೀಸಿದೆಯಲ್ಲ, ಅದೂ ಕಂಡಿತು, ನಿನ್ನ ಕೈಯೂ ಕಂಡಿತು. ಕೂದಲು ಕತ್ತರಿಸಿದ್ದು ಚೆನ್ನಾಗಿದೆ. ಹಾಗಾಗಿ ನಾನು ಬಂದದ್ದು ದಂಡವಾಗಲಿಲ್ಲ. ನೀನು ಒಂದು ಚೂರೂ ಕೊರಗಬೇಡ.

ಕಾಗದ ಓದುವ ಸಾಹೇಬರೇ, ಜನವರಿಯಿಂದ ನಮ್ಮ ಒಂದೊಂದು ಕಾಗದವನ್ನೂ ಓದಿದ್ದೀರಿ. ಟ್ರೇನೋ ಕಾರೋ ಎಂದು ತಾಯಿ ಮಗ ಕಚ್ಚಾಡಿದ್ದನ್ನೆಲ್ಲ ಓದಿದ್ದೀರಿ. ಆ ಭಾನುವಾರ ಗಡಿಯಾರ ಬದಲಾಗುತ್ತದೆ ಎಂದು ಅಂಚಿನಲ್ಲಿ ಒಂದು ಸಾಲು ಬರೆದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?

ಅಮ್ಮ


ವಿಯೆರ್ನೇ
28 ಮಾರ್ಚ್ 1999, ಭಾನುವಾರ

ಅಮ್ಮಾ,

ಈ ಕಾಗದ ನಿನ್ನ ಕೈಗೆ ಸಿಗುವುದು ಊರಿನಲ್ಲೇ. ಆದರೂ ಈಗಲೇ ಬರೆಯದಿದ್ದರೆ ತಲೆ ಒಡೆದುಹೋಗುತ್ತದೆ.

ಬೆಳಿಗ್ಗೆ ಬಾಗಿಲು ತೆರೆದ ಗಾರ್ಡ್ ನಗುತ್ತಾ ಹೇಳಿದ, "ರಾತ್ರಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಓಡಿತು ಕಣ್ರಯ್ಯಾ. ಎಲ್ರಿಗೂ ಒಂದು ಗಂಟೆ ಶಿಕ್ಷೆ ಮಾಫಿ!" ಎಲ್ಲರೂ ನಕ್ಕರು. ನಾನೂ ನಕ್ಕೆ. ನಿನ್ನ ನೆನಪು ಬಂತು, ಅಮ್ಮನಿಗೆ ಗೊತ್ತಿರುತ್ತದೆಯೇ ಎಂದುಕೊಂಡೆ. ಟ್ರೇನಿನಲ್ಲಿ ಬಂದವಳಲ್ಲವೇ, ಸ್ಟೇಷನ್ ಎದುರು ಮಲಗಿದ್ದಾಳೆ, ಅಲ್ಲಿ ದೊಡ್ಡ ಗಡಿಯಾರವಿದೆ, ಹೋಟೆಲಿನವಳು ಎಬ್ಬಿಸುತ್ತಾಳೆ ಎಂದು ಸಮಾಧಾನ ಮಾಡಿಕೊಂಡೆ.

ಭೇಟಿಯ ಕೋಣೆಗೆ ಕರೆದುಕೊಂಡು ಹೋದರು. ಆಂಜ್ ತನ್ನ ಹೊಸ ಕೆಂಪು ಸ್ವೆಟರ್ ಕೊಟ್ಟಿದ್ದ, ಅದನ್ನೇ ಹಾಕಿಕೊಂಡು ಹೋಗಿ ಕುರ್ಚಿಯಲ್ಲಿ ಕೂತೆ. ಪಕ್ಕದಲ್ಲಿ ಒಬ್ಬ ತನ್ನ ಮಗುವನ್ನು ಎತ್ತಿಕೊಂಡು ಆಡಿಸುತ್ತಿದ್ದ. ನನ್ನ ಎದುರಿನ ಕುರ್ಚಿ ಖಾಲಿ. ಮುಕ್ಕಾಲು ಗಂಟೆಯೂ ಖಾಲಿ. ಕೊಲೆ ಮಾಡಿದ ದಿನವೂ ನನಗೆ ಹೀಗಾಗಿರಲಿಲ್ಲ ಅಮ್ಮಾ. ನಾನೇ ನಿನ್ನನ್ನು ಟ್ರೇನಿಗೆ ಹತ್ತಿಸಿದೆ. ಯಾವುದೋ ಪ್ಲಾಟ್‌ಫಾರಮ್ಮಿನಲ್ಲಿ ನೀನು ಚೀಲ ಹಿಡಿದುಕೊಂಡು ಅಳುತ್ತಾ ನಿಂತಿದ್ದೀಯ, ಕೇಳುವವರಿಲ್ಲ, ಅದಕ್ಕೆಲ್ಲ ನಾನೇ ಕಾರಣ ಎಂದು ತಲೆ ಚಚ್ಚಿಕೊಂಡೆ.

ಖೋಲಿಗೆ ವಾಪಸ್ಸು ಬಂದು ಗೋಡೆಗೆ ಮುಖ ಹಾಕಿ ಮಲಗಿದೆ. ಆಗ ಹಾರ್ನ್ ಕೇಳಿತು.

ಒಂದು ಉದ್ದ, ಎರಡು ಗಿಡ್ಡ.

ನನಗೆ ಹುಚ್ಚು ಹಿಡಿಯಿತು ಎಂದುಕೊಂಡೆ. ಮತ್ತೆ ಕೇಳಿತು. ಎದ್ದು ಕಿಟಕಿಗೆ ಹಾರಿದೆ. ಹೊಲದ ನಡುವೆ ಒಂದು ಪುಟ್ಟ ಬಿಳಿ ಕಾರು. ಪಕ್ಕದಲ್ಲಿ ಬಾಗಿಲು ತೆರೆದುಕೊಂಡು, ಒಂದು ಕೈ ಹಾರ್ನಿನ ಮೇಲೆ, ನೀನು. ನೀಲಿ ಹೂವಿನ ಉಡುಪು. ಎಷ್ಟು ಕುಗ್ಗಿಹೋಗಿದ್ದೀಯಾ ಅಮ್ಮಾ! ಎಲ್ಲ ಕಿಟಕಿಗಳಿಂದಲೂ ಹುಡುಗರು ಕೂಗಲು ಶುರುಮಾಡಿದರು, ಒಬ್ಬೊಬ್ಬನೂ "ಅಮ್ಮಾ" ಎಂದು. ನನಗೆ ಗಂಟಲೇ ಬರಲಿಲ್ಲ. ಸ್ವೆಟರ್ ಬಿಚ್ಚಿ ಸರಳುಗಳ ನಡುವೆ ತೂರಿಸಿ ಬೀಸಿದೆ. ಬೀಸಿದೆ, ಬೀಸಿದೆ. ಇಡೀ ಗೋಡೆಯಲ್ಲಿ ಅದೊಂದೇ ಕೆಂಪು. ಆಗ ನೀನು ಉದ್ದಕ್ಕೆ ಹೊಡೆದೆ, ಬಿಡಲೇ ಇಲ್ಲ. ಅದಕ್ಕೇ ಗೊತ್ತಾಯಿತು ನನ್ನನ್ನು ನೋಡಿದೆ ಎಂದು.

ನೋಡಿದೆ ತಾನೆ? ಬರೆ. ಬೇರೆ ಏನೂ ಬೇಡ, ಅಷ್ಟು ಬರೆ.

ಫ್ಲೋರಾನ್


ವಿಯೆರ್ನೇ
2 ಏಪ್ರಿಲ್ 1999

ಅಮ್ಮಾ,

ನೀನು ಕಾರಿನಲ್ಲಿ ಕೂತು ಬರೆದ ಕಾಗದ ಇವತ್ತು ಬಂತು.

ಹೌದು, ಬಿಳಿ ಟವೆಲ್ಲೇ. ನೀನು ನೋಡಿದ್ದು ನನ್ನನ್ನೇ.

ಭಾನುವಾರವೇ ನಾನೊಂದು ಕಾಗದ ಬರೆದು ಹಾಕಿದ್ದೆ, ಅದು ದಾರಿಯಲ್ಲಿದೆ. ಬಂದರೆ ಒಡೆಯಬೇಡ, ಒಲೆಗೆ ಹಾಕು. ತಲೆ ಕೆಟ್ಟಾಗ ಏನೇನೋ ಗೀಚಿದ್ದೇನೆ, ಅದರಲ್ಲಿ ನಿಜವಿಲ್ಲ.

ರಾತ್ರಿಯೆಲ್ಲ ಕೂತು ನಿನ್ನ ಹಳೆಯ ಕಾಗದಗಳನ್ನು ಸಾಲಾಗಿ ಹರಡಿಕೊಂಡಿದ್ದೆ. ಅಕ್ಷರಗಳು ತಿಂಗಳಿಂದ ತಿಂಗಳಿಗೆ ದೊಡ್ಡದಾಗುತ್ತಾ ಬಂದಿವೆ. ಸಾಲುಗಳು ಕೆಳಗೆ ಜಾರುತ್ತಾ ಬಂದಿವೆ. ಬೇಳೆಯಲ್ಲಿ ಕಲ್ಲು. ಸ್ಟೇಷನ್ ಫಲಕದ ಕೆಳಗೆ ಎಷ್ಟೋ ಹೊತ್ತು ನಿಂತು ವಾಪಸ್ಸು ಬಂದದ್ದು. ನಾನು ನಿನ್ನನ್ನು ಜಂಬಗಾತಿ ಅಂದೆ, ಕೆಲಸಗಳ್ಳಿ ಅಂದೆ.

ಏನೂ ಕೇಳುವುದಿಲ್ಲ. ಕೇಳಿದರೆ ನೀನು ಇನ್ನೊಂದು ಸುಳ್ಳು ಹೇಳಬೇಕಾಗುತ್ತದೆ. ಆದರೆ ಪೆಜೋ ಕೀಲಿಯನ್ನು ಜಿಸ್ಲೇನ್ ಚಿಕ್ಕಮ್ಮನ ಕೈಗೆ ಕೊಟ್ಟುಬಿಡು. ಇವತ್ತೇ ಕೊಡು.

ಫ್ಲೋರಾನ್


ಇಲೆ-ಅ-ಕೋರ್ದ್
19 ಏಪ್ರಿಲ್ 1999

ಮಗಾ,

ನಿನ್ನ ಎರಡು ಕಾಗದವೂ ಒಂದೇ ದಿನ ಬಂದವು. ಯಾವುದು ಮೊದಲು ಬರೆದದ್ದು ಎಂದು ತಿಳಿಯಲು ತಾರೀಕು ಓದಬೇಕಲ್ಲ. ಭೂತಗನ್ನಡಿ ಹಿಡಿದು ಬಿಸಿಲಿಗೆ ಹೋದೆ, ಆಗಲಿಲ್ಲ. ಕೊನೆಗೆ ಟಪಾಲು ತರುವ ರೋಸೆಮೆಯನ್ನೇ ಮೆಟ್ಟಿಲ ಮೇಲೆ ಕೂರಿಸಿ ಎರಡನ್ನೂ ಓದಿಸಿದೆ. ಅವಳ ಕೈಗೆ ಮೊದಲು ಸಿಕ್ಕಿದ್ದು ಟವೆಲ್ಲಿನ ಕಾಗದ, ಒಲೆಗೆ ಹಾಕು ಅಂದದ್ದನ್ನೂ ಆಮೇಲೆ ಓದಿಸಿದೆ. ಕೆಂಪು ಸ್ವೆಟರ್ ಬಂದಾಗ ಅವಳು ನಿಲ್ಲಿಸಿದಳು. "ಮುಂದೆ ಓದ್ಲಾ ಎಲ್ವಿನಮ್ಮ?" ಅಂದಳು. "ಓದೇ, ಸಾಯೋದಿಲ್ಲ ನಾನು" ಅಂದೆ.

ಇಬ್ಬರೂ ಸುಳ್ಳು ಹೇಳಿದೆವು, ಇಬ್ಬರೂ ಸಿಕ್ಕಿಬಿದ್ದೆವು. ಇನ್ನು ಸಾಕು.

ನನಗೆ ಗೋಡೆ ಕಂಡಿತು, ಅಷ್ಟೇ. ಬೂದು ಬಣ್ಣದ್ದೊಂದು ಉದ್ದ ಗೋಡೆ. ಕಿಟಕಿಗಳೂ ಕಾಣಲಿಲ್ಲ. "ಅಮ್ಮಾ, ಅಮ್ಮಾ" ಎಂದು ಹುಡುಗರು ಕೂಗುವುದು ಮಾತ್ರ ಕೇಳಿಸಿತು. ಅದರಲ್ಲಿ ಒಂದನ್ನು ನಿನ್ನದು ಎಂದು ಆರಿಸಿಕೊಂಡಿದ್ದೆ. ನಿನಗೆ ಗಂಟಲೇ ಬರಲಿಲ್ಲ ಎಂದು ಬರೆದಿದ್ದೀಯಲ್ಲ, ಹಾಗಾದರೆ ಅದು ಇನ್ಯಾರದೋ ಮಗ. ಇರಲಿ, ಅವನ ಅಮ್ಮನೂ ದೂರವಿರಬಹುದು.

ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿದೆ. ಬಲಗಣ್ಣು ಹೋದ ವರ್ಷವೇ ಹೋಯಿತು. ಎಡಗಣ್ಣು ಕ್ರಿಸ್ಮಸ್ಸಿನವರೆಗೆ ಬಂದರೆ ಹೆಚ್ಚು ಎಂದು ಸೇಂ-ಪಿಯೇರಿನ ಡಾಕ್ಟರ್ ಜನವರಿಯಲ್ಲಿ ಹೇಳಿದರು. ಅದಕ್ಕೇ ಆ ಅವಸರ. ಅದೂ ಹೋಗುವ ಮೊದಲು ನಿನ್ನ ಮುಖವನ್ನು ಕಣ್ಣಿನಲ್ಲಿ ತುಂಬಿಕೊಂಡು ಬರೋಣ ಎಂದು ಹೊರಟೆ, ಫ್ಲೋರಾನ್. ತುಂಬಿಕೊಂಡು ಬಂದದ್ದು ಗೋಡೆಯನ್ನು. ಮನೆಗೆ ಬಂದಮೇಲೆ ಸಂತ ಎಕ್ಸ್‌ಪೆದಿಯ ಗುಡಿಗೆ ಹೋಗಿ ಚೆನ್ನಾಗಿ ಬೈದೆ. ಹತ್ತಿರ ಹೋಗಿ ಮೂಗು ತಾಗಿಸಿದರೆ ಅವನ ಕೆಂಪು ಇನ್ನೂ ಕಾಣುತ್ತದೆ. ನಿನ್ನದು ಯಾಕೆ ಕಾಣಲಿಲ್ಲವೋ.

ಅಂತಹ ಕಣ್ಣಿಟ್ಟುಕೊಂಡು ಕಾರು ಓಡಿಸಿದ್ದು ತಪ್ಪು, ಗೊತ್ತು. ಕೀಲಿಯನ್ನು ಜಿಸ್ಲೇನಳಿಗೆ ಕೊಟ್ಟಿದ್ದೇನೆ. ಪೆಜೋ ಅವಳ ಅಂಗಳದಲ್ಲಿ ನಿಂತಿದೆ, ಕೋಳಿಗಳು ಮೊಟ್ಟೆಯಿಡುತ್ತವೆ.

ನೀನು ನನ್ನನ್ನು ನೋಡಿದೆಯಲ್ಲ. ನೀಲಿ ಹೂವು ಅಂದೆಯಲ್ಲ, ಅದು ಸರಿ. ಹಾಗಾದರೆ ಅರ್ಧ ಭೇಟಿ ಆಯಿತು. ಉಳಿದ ಅರ್ಧಕ್ಕೆ ಬರುವ ವರ್ಷ ಮತ್ತೆ ಬರುತ್ತೇನೆ, ರೋಸೆಮೆ ಜೊತೆಗೆ ಬರುತ್ತಾಳಂತೆ, ಫಲಕ ಅವಳು ಓದುತ್ತಾಳೆ. ಅಷ್ಟು ಹೊತ್ತಿಗೆ ನನಗೆ ಕಣ್ಣಿರುವುದಿಲ್ಲ. ಕೈಯಿಂದ ಮುಟ್ಟಿಯೇ ನಿನ್ನ ಮುಖ ನೋಡಬೇಕು.

ಅದಕ್ಕೆ ಒಂದು ವಿಷಯ ಕೇಳಬೇಕು. ಆ ಭೇಟಿಯ ಕೋಣೆಯಲ್ಲಿ ನಡುವೆ ಗಾಜಿದೆಯೇ? ಯಾರೋ ಮಗುವನ್ನು ಎತ್ತಿಕೊಂಡಿದ್ದ ಎಂದು ಬರೆದಿದ್ದೀಯ, ಹಾಗಾಗಿ ಇರಲಿಕ್ಕಿಲ್ಲ ಎಂದು ರೋಸೆಮೆ ಹೇಳುತ್ತಾಳೆ. ಆದರೂ ನೀನೇ ಬರೆ. ಸಾಹೇಬರೇ, ಅವನು ಮರೆತರೆ ಈ ಸಲವಾದರೂ ನೀವು ಬರೆಯಿರಿ. ಗಾಜಿಲ್ಲ ಎಂದಾದರೆ ಟ್ರೇನಿನಲ್ಲೇ ಬರುತ್ತೇನೆ.

ಅಮ್ಮ